ಹಗ್ಗ ಕಟ್ಟಿದ ಕುಪ್ಪಿ

ಕುಪ್ಪಿ ತೊಳೆಯುವ ಯಂತ್ರಕ್ಕೆ ನಾನು ಕೊಟ್ಟದ್ದು ನಲವತ್ತಾರು ಸಾವಿರ ರೂಪಾಯಿ. ಮಾರುವವನು ಹೇಳಿದ್ದು ಅರುವತ್ತೆರಡು. ನಾನು ಮೂವತ್ತೈದು ಎಂದಾಗ ಅವನು ನಕ್ಕ. ನಕ್ಕವನು ಇಳಿಯುತ್ತಾನೆ, ಮುಖ ಬಿಗಿದವನು ಇಳಿಯುವುದಿಲ್ಲ. ಇದು ನಲವತ್ತು ವರ್ಷ ವ್ಯಾಪಾರ ಮಾಡಿ ಕಲಿತದ್ದು, ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ. ಎರಡು ಸಲ ಚಾ ಕುಡಿದೆ. ಒಂದು ಸಲ ಎದ್ದು ಬಾಗಿಲವರೆಗೆ ಹೋಗಿ ಚಪ್ಪಲಿ ಹಾಕಿಕೊಳ್ಳುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡೆ. ಹಿಂದಿನಿಂದ ಕರೆದ. ಸಾಗಾಟ ಅವನದೇ, ಮೇಲಿಂದ ನಾಲ್ಕು ಬ್ರಷ್ಷು ಪುಕ್ಕಟೆ. ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ಕಬಕ ದಾಟುವವರೆಗೂ ನಾನು ಒಬ್ಬನೇ ನಗುತ್ತಿದ್ದೆನಂತೆ. ಪಕ್ಕದಲ್ಲಿ ಕೂತ ಪರಿಚಯದವರು ಆಮೇಲೆ ಹೇಳಿದರು.

ಯಾಕೆ ಕೊಂಡೆ ಎಂದರೆ, ಸರಕಾರದ ಕಾಗದದಲ್ಲಿ ಯಂತ್ರಕ್ಕೆ ಇಪ್ಪತ್ತು ಅಂಕ ಇತ್ತು. ಕೈಯಲ್ಲಿ ತೊಳೆಯುವುದಕ್ಕೆ ಐದೇ ಅಂಕ.

ಈಗ ಆ ಯಂತ್ರ ನನ್ನ ಎಣ್ಣೆ ಮಿಲ್ಲಿನ ಹಿಂದಿನ ಕೋಣೆಯಲ್ಲಿ ಉಂಟು. ಅದರ ಮೇಲೆ ಹಣ್ಣಾಗಲು ಇಟ್ಟ ಬಾಳೆಗೊನೆ, ಖಾಲಿ ಗೋಣಿ, ಹರಿದ ಕೊಡೆ. ಕಳೆದ ವಾರ ಗೋಣಿ ಹೊಲಿಯುವ ಸೂಜಿ ಹುಡುಕಲು ಹೋಗಿ ಅದರ ಮೂಲೆಗೆ ಮೊಣಕಾಲು ಹೊಡೆದುಕೊಂಡೆ. ಮೂರು ದಿನ ಕುಂಟಿದೆ. ಕುಂಟುವಾಗ ಮನುಷ್ಯನಿಗೆ ಬೇರೆ ಕೆಲಸ ಇರುವುದಿಲ್ಲ, ಹಳೆಯದೆಲ್ಲ ನೆನಪಾಗುತ್ತದೆ. ಅದಕ್ಕೇ ಇದನ್ನು ಬರೆಯಲು ಕೂತದ್ದು.

ಮೊದಲು ಕುಪ್ಪಿಯ ವಿಷಯ ಹೇಳಬೇಕು. ನಮ್ಮಲ್ಲಿ ಬಾಟ್ಲಿ ಎಂಬುದು ಕುಡಿಯುವವರ ಮಾತು, ಮನೆಯ ಮಾತು ಕುಪ್ಪಿ. ನನ್ನ ಅಪ್ಪ ಕೂಲಿಯವರು. ನಮ್ಮ ಮನೆಯಲ್ಲಿ ಒಟ್ಟು ಮೂರು ಕುಪ್ಪಿ ಇದ್ದವು. ಒಂದು ತೆಂಗಿನೆಣ್ಣೆಯದ್ದು, ಒಂದು ಕಷಾಯದ್ದು, ಒಂದು ಚಿಮಿಣಿ ಎಣ್ಣೆಯದ್ದು. ದೀಪಕ್ಕೆ ಹಾಕುವ ಸೀಮೆ ಎಣ್ಣೆಗೆ ನಾವು ಚಿಮಿಣಿ ಎಣ್ಣೆ ಎನ್ನುವುದು. ಮೂರೂ ಒಂದೇ ಆಕಾರ, ಒಂದೇ ಬಣ್ಣ. ಆದರೆ ಚಿಮಿಣಿ ಎಣ್ಣೆಯ ಕುಪ್ಪಿಯ ಕೊರಳಿಗೆ ಹಗ್ಗ ಕಟ್ಟಿರುತ್ತಿತ್ತು. ಅಂಗಡಿಯಿಂದ ಬೆರಳಿಗೆ ನೇತುಹಾಕಿಕೊಂಡು ಬರಲಿಕ್ಕೆ ಅದು ಅನುಕೂಲ ಎಂಬುದು ಒಂದು. ಅದಕ್ಕಿಂತ ದೊಡ್ಡ ವಿಷಯ ಬೇರೆ: ಕೊರಳಿಗೆ ಹಗ್ಗ ಉಂಟೆಂದರೆ ಅದು ಹೊಟ್ಟೆಗೂ ಅಲ್ಲ, ಮೈಗೂ ಅಲ್ಲ. ಕತ್ತಲೆಯ ಅಡಿಗೆ ಕೋಣೆಯಲ್ಲಿ ಕಣ್ಣು ಬೇಡ, ಕೈಗೇ ಗೊತ್ತಾಗುತ್ತಿತ್ತು. ಹೀಗೆಂದು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಎಲ್ಲ ಮನೆಯಲ್ಲೂ ಹಾಗೆಯೇ ಇತ್ತು.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಬುಗುರಿಗೆ ಒಳ್ಳೆಯ ಹಗ್ಗ ಬೇಕಾಗಿ ಆ ಕುಪ್ಪಿಯದ್ದನ್ನೇ ಬಿಚ್ಚಿದೆ. ಮರುದಿನ ದೀಪಾವಳಿಯ ಸ್ನಾನ. ಬೆಳಗ್ಗಿನ ಕತ್ತಲೆಯಲ್ಲಿ ಅಮ್ಮ ಕುಪ್ಪಿ ತೆಗೆದು ನನ್ನ ನೆತ್ತಿಗೆ ಹೊಯ್ದರು. ಹೊಯ್ದದ್ದು ಎಂತ ಎಂದು ಮೂಗಿಗೆ ಗೊತ್ತಾಗುವಾಗ ಕಣ್ಣಿಗೂ ಇಳಿದಿತ್ತು. ಅಮ್ಮ ಬೈಯಲಿಲ್ಲ. ತೊಳೆದು ತೊಳೆದು ಅತ್ತರು. ಶಾಲೆಯಲ್ಲಿ ಒಂದು ತಿಂಗಳು ನನ್ನ ಹೆಸರು ಚಿಮಿಣಿ. ಬುಗುರಿ ಮಾತ್ರ ಬಹಳ ಚೆನ್ನಾಗಿ ತಿರುಗುತ್ತಿತ್ತು.

ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನು ಹಳೆ ಕುಪ್ಪಿಯ ವ್ಯಾಪಾರಕ್ಕೆ ಇಳಿದೆ. ಒಂದು ಸೈಕಲ್ಲು, ಹಿಂದೆ ಎರಡು ಬುಟ್ಟಿ. ಆಲಂಕಾರು, ಕಡಬ, ಸುಳ್ಯದ ಕಡೆಯ ಒಳರಸ್ತೆಗಳಲ್ಲಿ ಮನೆಮನೆಗೆ ಹೋಗಿ "ಹಳೆ ಕುಪ್ಪಿ ಉಂಟಾ ಅಕ್ಕಾ" ಎಂದು ಕೂಗುವುದು, ತಂದದ್ದನ್ನು ಪುತ್ತೂರಿಗೆ ಸಾಗಿಸುವುದು. ಚೌಕಾಶಿಯನ್ನು ನಾನು ಕಲಿತದ್ದು ಆ ಅಂಗಳಗಳಲ್ಲಿ. ಗಂಡಸರ ಹತ್ತಿರ ಚೌಕಾಶಿ ಸುಲಭ, ಅವರಿಗೆ ಬೇಗ ಬೇಸರ ಬರುತ್ತದೆ. ಅಡಿಗೆ ಕೋಣೆಯಿಂದ ಕೈ ಒರೆಸಿಕೊಂಡು ಬಂದ ಹೆಂಗಸಿನ ಹತ್ತಿರ ಗೆದ್ದು ಬಂದವನು ಎಲ್ಲಿ ಬೇಕಾದರೂ ಬದುಕುತ್ತಾನೆ.

ತೊಳೆದ ಕುಪ್ಪಿಗೆ ಪುತ್ತೂರಿನಲ್ಲಿ ಬೆಲೆ ಹೆಚ್ಚು. ಹಾಗಾಗಿ ಗುಲಾಬಿಯಕ್ಕನನ್ನು ಹಿಡಿದೆ. ತೋಡಿನ ಬದಿಯಲ್ಲಿ ಅವಳ ಮನೆ. ನನಗಿಂತ ಐದಾರು ವರ್ಷ ದೊಡ್ಡವಳು. ನಾನು ಅವಳಿಗೆ ಅಕ್ಕ ಎನ್ನುವುದು, ಅವಳು ನನಗೆ ಚೆನ್ನಪ್ಪಣ್ಣ ಎನ್ನುವುದು. ನಮ್ಮಲ್ಲಿ ಅದು ಹಾಗೆಯೇ, ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ.

ಅವಳು ತೊಳೆಯುವ ಕ್ರಮವನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಕುಪ್ಪಿಯೊಳಗೆ ಒಂದು ಹಿಡಿ ಸಣ್ಣ ಚರಳುಕಲ್ಲು, ಬೂದಿ, ಬಿಸಿ ನೀರು. ಕೈಯಿಂದ ಬಾಯಿ ಮುಚ್ಚಿ ಕುಲುಕಾಟ. ತೋಡಿನ ನೀರಲ್ಲಿ ಮೂರು ಸಲ ಅದ್ದುವುದು. ಬೇಲಿಯ ಗೂಟಗಳಿಗೆ ಬೋರಲು ಹಾಕಿ ಬಿಸಿಲಿಗೆ ಬಿಡುವುದು. ಇಷ್ಟನ್ನು ಯಾರು ಬೇಕಾದರೂ ಮಾಡಿಯಾರು. ಒಣಗಿದ ಮೇಲೆ ಒಂದೊಂದೇ ಕುಪ್ಪಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದಳು ನೋಡಿ, ಅದು ಅವಳೊಬ್ಬಳಿಗೇ ಬರುತ್ತಿದ್ದ ಕೆಲಸ. ಕೊರಳಲ್ಲಿ ಹಗ್ಗ ಇದ್ದದ್ದನ್ನು ಅವಳು ತೊಳೆಯುತ್ತಲೇ ಇರಲಿಲ್ಲ, ಬೇರೆ ಬುಟ್ಟಿಗೆ ಹಾಕುತ್ತಿದ್ದಳು. ಹಗ್ಗ ಇಲ್ಲದ್ದರಲ್ಲೂ ಹತ್ತಕ್ಕೆ ಒಂದನ್ನು ಬದಿಗೆ ಇಡುತ್ತಿದ್ದಳು.

"ಇದು ಆಗುದಿಲ್ಲ."

"ಎಂತಕ್ಕೆ ಆಗುದಿಲ್ಲ? ಫಳಫಳ ಹೊಳೀತಾ ಉಂಟಲ್ಲ ಅಕ್ಕ."

"ಹೊಳೆಯುದು ಹೊರಗೆ. ಒಳಗೆ ಯಾರೋ ಗೆದ್ದಲಿನ ಮದ್ದು ಇಟ್ಟಿದ್ದಾರೆ."

"ನನಗೆ ಎಂತದ್ದೂ ಪರಿಮಳ ಬರುದಿಲ್ಲ."

"ನಿಮ್ಮ ಮೂಗು ವ್ಯಾಪಾರದ್ದು, ಚೆನ್ನಪ್ಪಣ್ಣ. ಅದಕ್ಕೆ ದುಡ್ಡಿನ ವಾಸನೆ ಬಿಟ್ಟು ಬೇರೆ ಹಿಡಿಯುದಿಲ್ಲ."

ಆ ಕುಪ್ಪಿಯ ವ್ಯಾಪಾರದಿಂದ ನಾನು ಅಂಗಡಿ ಇಟ್ಟೆ, ಅಂಗಡಿಯಿಂದ ಕೊಬ್ಬರಿ ಎಣ್ಣೆಯ ಮಿಲ್ಲು ಇಟ್ಟೆ. ಊರಿನ ಹೆಸರು ಬೇಡ, ಆಲಂಕಾರಿನಿಂದ ಕಡಬಕ್ಕೆ ಹೋಗುವ ಕಡೆ ಎಂದಿಟ್ಟುಕೊಳ್ಳಿ. ಕುಪ್ಪಿ ತಂದವರಿಗೆ ಎಣ್ಣೆ. ಕುಪ್ಪಿ ತರದವರಿಗೆ ಗುಲಾಬಿಯಕ್ಕ ತೊಳೆದಿಟ್ಟ ಕುಪ್ಪಿಯಲ್ಲಿ ಎಣ್ಣೆ, ಮುಂದಿನ ಸಲ ಅದನ್ನು ವಾಪಸು ತರಬೇಕು. ಎಷ್ಟೋ ವರ್ಷ ಹಾಗೆ ನಡೆಯಿತು. ಇದಕ್ಕೊಂದು ಹೆಸರು ಉಂಟೆಂದು ನಮಗೆ ಗೊತ್ತಿರಲಿಲ್ಲ.

ಆಮೇಲೆ ಒಬ್ಬರು ಅಧಿಕಾರಿ ಬಂದು, ಬಿಡಿ ಎಣ್ಣೆ ಮಾರುವುದು ಕಾನೂನಿಗೆ ವಿರುದ್ಧ, ಪ್ಯಾಕೆಟ್ ಮಾಡಿ ಮಾರಬೇಕು ಎಂದರು. ಅವರು ಹೇಳಿದ್ದು ಸುಳ್ಳಲ್ಲ, ಕಾನೂನು ಹಾಗೇ ಉಂಟು, ಕಲಬೆರಕೆ ಮಾಡುವವರು ಇದ್ದದ್ದಕ್ಕೇ ಬಂದದ್ದು. ಪ್ಲಾಸ್ಟಿಕ್ ತೊಟ್ಟೆಗೆ ಎಣ್ಣೆ ತುಂಬಿಸಿ ಅಂಟಿಸುವ ಯಂತ್ರ ತಂದೆ. ಗುಲಾಬಿಯಕ್ಕನಿಗೆ ಕುಪ್ಪಿ ಇಲ್ಲದಾಯಿತು. ವಾರದಲ್ಲಿ ಎರಡು ದಿನ ಕೊಬ್ಬರಿ ಒಣಗಿಸುವ ಅಂಗಳ ಗುಡಿಸಲು ಬರುತ್ತಿದ್ದಳು. ಎರಡು ವರ್ಷ ಕಳೆದ ಮೇಲೆ ಮತ್ತೊಬ್ಬರು ಅಧಿಕಾರಿ ಬಂದು, ಅಂಗಡಿಯಲ್ಲಿದ್ದ ಪ್ಲಾಸ್ಟಿಕ್ ಕೈಚೀಲಗಳಿಗೆ ದಂಡ ಹಾಕಿ ಹೋದರು. ಅದರ ಬದಿಯಲ್ಲೇ ಸಾಲಾಗಿ ನೇತುಹಾಕಿದ್ದ ಎಣ್ಣೆ ತೊಟ್ಟೆಗಳನ್ನು ಅವರು ನೋಡಲಿಲ್ಲ. ಅವು ಬೇರೆ ಇಲಾಖೆಯವು.

ಮೂರನೆಯದಾಗಿ ಬಂದದ್ದು ಮರುಭರ್ತಿ ಯೋಜನೆ. ಶಾಲೆಯ ದೊಡ್ಡ ಕೋಣೆಯಲ್ಲಿ ಸಭೆ. ತಾಲೂಕಿನಿಂದ ಬಂದ ಮೇಡಂ ಸಣ್ಣ ಪ್ರಾಯದವರು, ಒಳ್ಳೆಯವರು. ಬೆಳ್ಳಗಿನ ಪರದೆಯ ಮೇಲೆ ಚಿತ್ರ ತೋರಿಸುತ್ತ ವಿವರಿಸಿದರು. ಗ್ರಾಹಕರು ಗಾಜಿನ ಕುಪ್ಪಿಯನ್ನು ಅಂಗಡಿಗೆ ವಾಪಸು ಕೊಡುವುದು, ಅಂಗಡಿಯವರು ಅದನ್ನು ತೊಳೆದು, ಎಣ್ಣೆ ತುಂಬಿಸಿ, ಮೊಹರು ಹಾಕಿ ಮತ್ತೆ ಮಾರುವುದು. ಹೀಗೆ ಮಾಡಿದರೆ ತೋಡುಗಳಲ್ಲಿ ಪ್ಲಾಸ್ಟಿಕ್ ತುಂಬುವುದಿಲ್ಲ. ಎದುರಿನ ಸಾಲಿನಲ್ಲಿದ್ದ ರಬ್ಬರು ಬೆಳೆಗಾರರಾದ ಪದ್ಮಯ್ಯ ಗೌಡರು ಕೈ ಎತ್ತಿದರು.

"ಮೇಡಂ, ಇದು ನಾವು ಮೊದಲಿಂದಲೂ ಮಾಡ್ತಾ ಇದ್ದದ್ದಲ್ವಾ?"

"ಹೌದು ಸರ್, ಅದು ನಮ್ಮ ಪರಂಪರೆ. ಅದನ್ನೇ ಪುನಃ ಆರಂಭಿಸ್ತಾ ಇದ್ದೇವೆ."

"ಹಾಗಾದ್ರೆ ನಿಲ್ಸಿದ್ದು ಯಾರು ಮಾರಾಯ್ರೆ?"

ಸಭೆ ಪೂರ್ತಿ ನಕ್ಕಿತು. ಮೇಡಮ್ಮೂ ನಕ್ಕರು. ಉತ್ತರ ಬರಲಿಲ್ಲ, ಚಾ ಬಂತು.

ಗುಲಾಬಿಯಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಒಗೆದು ಮಡಿಚಿಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಚಾದ ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದಳು.

"ಚೆನ್ನಪ್ಪಣ್ಣ, ಇದರ ಅರ್ಜಿ ನೀವು ಹಾಕುದಲ್ವಾ?"

"ಹಾಕ್ತೇನೆ."

"ತೊಳೆಯುದಕ್ಕೆ ನನ್ನ ಹೆಸರು ಬರೆಸಿ. ಅಂಗಳ ಗುಡಿಸಿ ಸೊಂಟ ಹೋಯ್ತು. ಕುಪ್ಪಿಯ ಕೆಲಸ ಆದ್ರೆ ಕೂತು ಮಾಡ್ಬಹುದು. ಇನ್ನು ಹತ್ತು ವರ್ಷ ಮಾಡ್ತೇನೆ ನಾನು."

"ನೋಡುವ" ಎಂದೆ.

ಹೊರಗಿನವರಿಗೆ ತಿಳಿಯಲಿ ಎಂದು ಹೇಳುತ್ತೇನೆ. ನಮ್ಮ ಕಡೆ "ಇಲ್ಲ" ಎಂದು ಯಾರೂ ಮುಖಕ್ಕೆ ಹೇಳುವುದಿಲ್ಲ. ಮದುವೆಗೆ ಸಾಲ ಕೇಳಿದವನಿಗೆ, ಹೆಣ್ಣು ಕೇಳಲು ಬಂದವರಿಗೆ, ವೋಟು ಕೇಳಿದವನಿಗೆ ಎಲ್ಲರಿಗೂ ಹೇಳುವುದು "ನೋಡುವ". ಕೇಳಿದವನಿಗೂ ಅರ್ಥ ಆಗುತ್ತದೆ, ಅವನು ಚಾ ಕುಡಿದು ಎದ್ದು ಹೋಗುತ್ತಾನೆ. ಗುಲಾಬಿಯಕ್ಕನಿಗೂ ಅರ್ಥ ಆಯಿತು. ಲೋಟವನ್ನು ತಾನೇ ತೊಳೆದಿಟ್ಟು ಹೋದಳು.

ಮೇಡಮ್ಮನ ಕಚೇರಿಯಲ್ಲಿ ನಡೆದದ್ದನ್ನೂ ಮುಚ್ಚಿಡದೆ ಹೇಳುತ್ತೇನೆ. ಸರಕಾರವನ್ನು ಬೈಯುವುದು ಸುಲಭ, ನಾನೂ ಬೈಯುತ್ತೇನೆ, ಆದರೆ ಆ ದಿನ ಅವರು ಸ್ಪಷ್ಟವಾಗಿ ಹೇಳಿದ್ದರು. "ಯಂತ್ರ ಕಡ್ಡಾಯ ಅಲ್ಲ. ಅನುಭವ ಇರುವ ಮಹಿಳೆ ಊರಲ್ಲಿ ಇದ್ದರೆ ಹೆಸರು ಕೊಡಿ. ಅಂಕ ಸ್ವಲ್ಪ ಕಡಿಮೆ ಬರ್ತದೆ, ಅಷ್ಟೆ." ಪಕ್ಕದ ಊರಿನ ಇನ್ನೊಬ್ಬ ಮಿಲ್ಲಿನವನೂ ಅರ್ಜಿ ಹಾಕಿದ್ದ, ಮರುಭರ್ತಿ ಕೇಂದ್ರ ಸಿಗುವುದು ಹೆಚ್ಚು ಅಂಕದ ಒಬ್ಬನಿಗೆ ಮಾತ್ರ. ಅವನು ಯಂತ್ರ ತರುತ್ತಾನೆಂದು ಸುದ್ದಿ ಇತ್ತು. ನಾನು ಇಪ್ಪತ್ತರಿಂದ ಐದು ಕಳೆದೆ, ಹದಿನೈದು ಸಿಕ್ಕಿತು. ಯಂತ್ರಕ್ಕೆ ಸೊಂಟ ನೋಯುವುದಿಲ್ಲ, ಹಬ್ಬಕ್ಕೆ ರಜೆ ಬೇಡ, ಹತ್ತಕ್ಕೆ ಒಂದನ್ನು ಬದಿಗಿಡುವ ಅಭ್ಯಾಸವೂ ಇಲ್ಲ. ಮರುದಿನವೇ ಮಂಗಳೂರಿಗೆ ಹೋದೆ.

ಕೇಂದ್ರ ನನಗೇ ಸಿಕ್ಕಿತು. ಉದ್ಘಾಟನೆಗೆ ಹಸಿರು ರಿಬ್ಬನ್ನು, ಅತಿಥಿಗಳಿಗೆ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ನೀರು. ಭಾಷಣ ಮಾಡಿದವರಲ್ಲಿ ಒಬ್ಬರು ನನ್ನನ್ನು ಪರಿಸರಪ್ರೇಮಿ ಎಂದರು. ಅಲ್ಲಿಯವರೆಗೆ ಯಾರೂ ನನ್ನನ್ನು ಯಾವುದರ ಪ್ರೇಮಿ ಎಂದೂ ಕರೆದಿರಲಿಲ್ಲ. ಹೆಂಡತಿ ಹಿಂದಿನಿಂದ "ಕೇಳಿದ್ರಾ" ಎಂದು ಬೆನ್ನಿಗೆ ತಿವಿದಳು.

ಖಾಲಿ ಕುಪ್ಪಿ ತಂದರೆ ಎಣ್ಣೆಯ ಬೆಲೆಯಲ್ಲಿ ರಿಯಾಯಿತಿ ಎಂದು ಬೋರ್ಡು ಹಾಕಿದ್ದೆ. ಜನ ತಂದರು. ಕಪಾಟಿನದ್ದು ತಂದರು, ಅಟ್ಟದ್ದು ತಂದರು, ದನದ ಹಟ್ಟಿಯ ಮೂಲೆಯದ್ದು, ರಬ್ಬರು ಶೀಟು ಮಾಡುವ ಕೊಟ್ಟಿಗೆಯದ್ದು, ಎಲ್ಲ ತಂದರು. ಎಷ್ಟೋ ಕುಪ್ಪಿಗಳ ಕೊರಳಲ್ಲಿ ಹಗ್ಗ ಇತ್ತು. ಈಗ ಚಿಮಿಣಿ ಎಣ್ಣೆ ಯಾರ ಮನೆಯಲ್ಲೂ ಇಲ್ಲ, ಆದರೆ ಅಭ್ಯಾಸ ಹೋಗಿಲ್ಲ. ರಬ್ಬರು ಹಾಲು ಗಟ್ಟಿಮಾಡುವ ಆಸಿಡ್ಡಿಗೂ, ಹುಲ್ಲು ಸಾಯಿಸುವ ಮದ್ದಿಗೂ, ಗೆದ್ದಲಿನ ಮದ್ದಿಗೂ ಅದೇ ಹಗ್ಗ. ತಂದವರು ಬಿಚ್ಚಲಿಲ್ಲ. ಬಿಚ್ಚದೆ ತಂದದ್ದೇ ಅವರು ಹೇಳಬೇಕಾದ್ದನ್ನೆಲ್ಲ ಹೇಳಿದ ಹಾಗೆ. ಅಂಗಡಿಯವನಿಗೆ ಗೊತ್ತಿರುತ್ತದೆ ಎಂದು ಅವರ ನಂಬಿಕೆ.

ಯಂತ್ರದ ಬ್ರಷ್ಷಿಗೆ ಆ ಹಗ್ಗ ಸಿಕ್ಕಿಹಾಕಿಕೊಂಡು ನಿಂತುಹೋಗುತ್ತಿತ್ತು. ಎರಡು ಸಲ ನಿಂತಿತು. ಮೂರನೇ ಸಲಕ್ಕೆ ನಾನು ಅಡಿಕೆ ಸುಲಿಯುವ ಕತ್ತಿ ತೆಗೆದುಕೊಂಡು ಕೂತೆ. ಕುಪ್ಪಿಯ ರಾಶಿ ಎಡಗಡೆ, ಹಗ್ಗದ ರಾಶಿ ಬಲಗಡೆ. ನೆತ್ತಿಗೆ ಚಿಮಿಣಿ ಎಣ್ಣೆ ಹೊಯ್ಯಿಸಿಕೊಂಡವನು ನಾನು. ಬೇರೆ ಯಾರಾದರೂ ಕತ್ತರಿಸಿದ್ದರೆ ಗೊತ್ತಿಲ್ಲದೆ ಮಾಡಿದರು ಎನ್ನಬಹುದಿತ್ತು. ನಾನು ಗೊತ್ತಿದ್ದೂ ಕತ್ತರಿಸಿದೆ. ಬಿಸಿ ನೀರು, ಸೋಡಾ, ನಲವತ್ತಾರು ಸಾವಿರದ ಯಂತ್ರ, ಇನ್ನೆಂತ ಉಳಿದೀತು ಎಂದುಕೊಂಡೆ.

ಎರಡು ತಿಂಗಳು ಎಲ್ಲ ಚೆನ್ನಾಗಿಯೇ ಹೋಯಿತು. ಒಂದು ದಿನ ಬೆಳಗ್ಗೆ ಅಂಗಡಿ ತೆರೆದು ಇನ್ನೂ ಕೂತಿಲ್ಲ, ಗುಲಾಬಿಯಕ್ಕ ಬಂದಳು. ಅವಳ ಮಗಳು ಹೆರಿಗೆಗೆ ಬಂದಿದ್ದು, ಮಗುವಿಗೆ ಒಂಬತ್ತು ದಿನ ಆಗಿತ್ತೆಂದು ನನಗೆ ಗೊತ್ತಿತ್ತು. ಮಗುವಿಗೆ ಹಚ್ಚಲಿಕ್ಕೆಂದು ಹಿಂದಿನ ದಿನ ಎಣ್ಣೆ ಕೊಂಡು ಹೋಗಿದ್ದಳು. ಆ ಕುಪ್ಪಿಯನ್ನು ಮೇಜಿನ ಮೇಲೆ ಇಟ್ಟಳು. ಮೊಹರು ಒಡೆದಿತ್ತು, ಎಣ್ಣೆ ಹೆಚ್ಚು ಇಳಿದಿರಲಿಲ್ಲ.

"ಮೂಸಿ ನೋಡಿ."

ಮೂಸಿದೆ. ಕೊಬ್ಬರಿಯ ಪರಿಮಳ ಬಂತು. ಹಾಗೆಂದೆ.

"ಅಂಗೈಗೆ ಹಾಕಿ ಉಜ್ಜಿ ಮೂಸಿ."

ಉಜ್ಜಿದೆ. ಕೈ ಬಿಸಿಯಾಗುತ್ತಿದ್ದ ಹಾಗೆ ಕೊಬ್ಬರಿಯ ಅಡಿಯಿಂದ ಬೇರೊಂದು ವಾಸನೆ ಎದ್ದು ಬಂತು. ಅಡಿಕೆ ಮನೆಯ ಮಾಡಿನ ಮರದ ಪಕ್ಕಾಸಿಗೆ ಗೆದ್ದಲು ಹಿಡಿದಾಗ ಹೊಡೆಯುವ ಮದ್ದಿನ ವಾಸನೆ.

"ಮಗುವಿಗೆ ಹಚ್ಚಿದ್ರಾ ಅಕ್ಕ?"

"ಕೈಗೆ ಹಾಕಿದೆ. ಹಚ್ಚುವ ಮೊದಲು ಮೂಗಿಗೆ ಹಿಡಿದೆ. ಅಭ್ಯಾಸ." ಕುಪ್ಪಿಯ ಕೊರಳನ್ನು ಬೆರಳಿಂದ ಮುಟ್ಟಿ ಹೇಳಿದಳು. "ಇದು ಹಗ್ಗದ ಕುಪ್ಪಿ ಚೆನ್ನಪ್ಪಣ್ಣ. ಹಗ್ಗ ಎಂತ ಮಾಡಿದ್ರಿ?"

ಹಿಂದಿನ ಕೋಣೆಯಲ್ಲಿ ಹಗ್ಗದ ರಾಶಿ ಇನ್ನೂ ಇತ್ತು. ಉಪಯೋಗಕ್ಕೆ ಬರುತ್ತದೆಂದು ಬಿಸಾಡಿರಲಿಲ್ಲ.

ಅವಳು ಬೊಬ್ಬೆ ಹೊಡೆದಿದ್ದರೆ ನನಗೆ ಸುಲಭ ಆಗುತ್ತಿತ್ತು. ಬೊಬ್ಬೆ ಹೊಡೆದವರನ್ನು ಸಮಾಧಾನ ಮಾಡುವುದು ನನಗೆ ಬರುತ್ತದೆ. ಅವಳು "ಬೇರೆಯವರ ಮನೆಯಲ್ಲೂ ಮಕ್ಕಳುಂಟು" ಎಂದು ಹೇಳಿ ಇಳಿದು ಹೋದಳು.

ಜೀಪು ಮಾಡಿಕೊಂಡು ಅಂದೇ ಹೊರಟೆ. ಕೊಂಡವರೆಲ್ಲ ಪರಿಚಯದವರೇ. ಒಂದೊಂದು ಮನೆಯ ಅಂಗಳದಲ್ಲಿ ನಿಂತು, ಎಣ್ಣೆ ಉಪಯೋಗಿಸಬೇಡಿ, ವಾಪಸು ಕೊಡಿ ಎಂದೆ. ಹಿಂದೆ ಸೈಕಲ್ಲಿನಲ್ಲಿ ಹೋಗಿ ಕುಪ್ಪಿ ಕೇಳಿದ ಅಂಗಳಗಳೇ ಅವು. ಅಂದಿನಷ್ಟು ಮರ್ಯಾದೆ ಈ ಸಲ ಸಿಗಲಿಲ್ಲ. ಪದ್ಮಯ್ಯ ಗೌಡರು ಕುಪ್ಪಿ ತಂದುಕೊಟ್ಟು, "ನಾನು ಹಗ್ಗ ಸಮೇತ ಕೊಟ್ಟಿದ್ದೆನಲ್ಲ ಮಾರಾಯ" ಎಂದು ಒಂದೇ ಮಾತು ಹೇಳಿದರು. ನಾಲ್ಕೈದು ಕುಪ್ಪಿಗಳಲ್ಲಿ ವಾಸನೆ ಇತ್ತು. ಯಾರಿಗೂ ಏನೂ ಆಗಲಿಲ್ಲ. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ.

ಕಚೇರಿಗೆ ನಾನೇ ತಿಳಿಸಿದೆ. ಅಷ್ಟರಲ್ಲಿ ಮೇಡಮ್ಮಿಗೆ ವರ್ಗ ಆಗಿತ್ತು. ಹೊಸಬರು ಬಂದದ್ದು ಮೂರು ತಿಂಗಳ ಮೇಲೆ, ಬಂದವರೇ ಕೇಂದ್ರಕ್ಕೆ ಬೀಗ ಹಾಕಿಸಿದರು. ಗುಲಾಬಿಯಕ್ಕನ ವಿಷಯ ಅವರಿಗೆ ಹೇಳಿದೆ, ತೊಳೆಯಲು ಜನ ಇದ್ದಾರೆ, ಯಂತ್ರ ಬಿಟ್ಟು ಕೈಯಲ್ಲಿ ನಡೆಸಬಹುದು ಎಂದೆ. "ಯೋಜನೆಯಲ್ಲಿ ನೀವು ಬರೆದುಕೊಟ್ಟದ್ದು ಯಂತ್ರ. ಈಗ ಬದಲಿಸ್ಲಿಕ್ಕೆ ಆಗುದಿಲ್ಲ" ಎಂದರು. ಬಿಡಿಸಿ ನೋಡಿದರೆ ಅವರದೂ ತಪ್ಪಲ್ಲ. ಬರೆದುಕೊಟ್ಟವನು ನಾನೇ. ಆಮೇಲೆ ಬಂದ ವರದಿಯ ಪ್ರತಿ ನನಗೂ ಸಿಕ್ಕಿತು. ಕೇಂದ್ರ ಮುಚ್ಚಲು ಕಾರಣ: ಸಾರ್ವಜನಿಕರಿಂದ ನಿರೀಕ್ಷಿತ ಸ್ಪಂದನೆ ದೊರೆಯದಿರುವುದು. ಗೋಣಿ ಕಟ್ಟಿ ಕುಪ್ಪಿ ಹೊತ್ತು ತಂದ ಜನರು ಇದನ್ನು ಓದಿಲ್ಲ. ಓದಿದರೆ ಅವರಿಗೆ ಹೇಗೆ ಮುಖ ತೋರಿಸಲಿ? ಈಗ ಎಣ್ಣೆ ಮತ್ತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹೋಗುತ್ತದೆ. ಮಳೆ ಬಂದಾಗ ಆ ತೊಟ್ಟೆ ತೋಡಿಗೆ ಬರುತ್ತದೆ. ಕಾನೂನು ಪ್ರಕಾರ ಎಲ್ಲ ಸರಿಯಾಗಿ ಉಂಟು.

ಬೀಗ ಹಾಕಿದ ಮರುವಾರ ಗುಲಾಬಿಯಕ್ಕನ ಮನೆಗೆ ಹೋದೆ. ಸರಕಾರದ್ದು ಬೇಡ, ನನ್ನದೇ ಲೆಕ್ಕದಲ್ಲಿ ಗಾಜಿನ ಕುಪ್ಪಿ ಮಾಡುವ, ತೊಳೆಯುವುದು ನೀವೇ, ಕೂಲಿ ನೀವು ಹೇಳಿದಷ್ಟು ಎಂದೆ. ನನ್ನ ಬಾಯಿಂದ ಈ ಮಾತು ಅಲ್ಲಿಯವರೆಗೆ ಯಾರಿಗೂ ಬಂದದ್ದಿಲ್ಲ.

ಅವಳು ಜಗಲಿಯಲ್ಲಿ ಕೂತು ಗೇರುಬೀಜದ ಕೆಲಸಕ್ಕೆ ಹೋಗುವ ಚೀಲಕ್ಕೆ ಬುತ್ತಿ ಹಾಕುತ್ತಿದ್ದಳು. ಕಾರ್ಖಾನೆಯ ವ್ಯಾನು ಎಂಟು ಗಂಟೆಗೆ ಬರುತ್ತದಂತೆ. ದಿನವಿಡೀ ಬೀಜದ ಸಿಪ್ಪೆ ತೆಗೆಯುವುದು. ಬೆರಳ ತುದಿಗಳು ಕಪ್ಪಾಗಿದ್ದವು.

"ಇಲ್ಲ ಚೆನ್ನಪ್ಪಣ್ಣ" ಎಂದಳು.

ನಮ್ಮ ಊರಿನಲ್ಲಿ ನನ್ನ ಮುಖಕ್ಕೆ ನೇರವಾಗಿ "ಇಲ್ಲ" ಎಂದದ್ದು ಅವಳೊಬ್ಬಳೇ.

"ಸಿಟ್ಟಾ ಅಕ್ಕ?"

"ಸಿಟ್ಟು ಎಂತಕ್ಕೆ? ಆ ಬೀಜ ಹುರಿಯುವ ಹೊಗೆಗೆ ಕೂತು ಕೂತು ಮೂಗು ಹೋಯ್ತು. ಈಗ ನನಗೆ ಸಾರಿನ ಒಗ್ಗರಣೆಯೂ ಗೊತ್ತಾಗುದಿಲ್ಲ. ಮಗು ಬಟ್ಟೆ ಒದ್ದೆ ಮಾಡಿದ್ರೂ ಮಗಳೇ ಹೇಳ್ಬೇಕು. ಮೂಗು ಇಲ್ಲದೆ ಕುಪ್ಪಿ ತೊಳೆದ್ರೆ ನಿಮ್ಮ ಯಂತ್ರಕ್ಕೂ ನನಗೂ ಎಂತ ವ್ಯತ್ಯಾಸ?"

ಸಭೆಯ ದಿನ ಅವಳು ಕೆಲಸ ಕೇಳಿದಾಗ ಆ ಮೂಗು ಇತ್ತು. ಕೇಂದ್ರ ತೆರೆದ ವಾರವೇ ಅವಳು ಕಾರ್ಖಾನೆಗೆ ಸೇರಿದ್ದು. ಮಗುವಿನ ಎಣ್ಣೆಯನ್ನು ಹಿಡಿದುಕೊಟ್ಟದ್ದು ಬಹುಶಃ ಅದು ಮಾಡಿದ ಕೊನೆಯ ಕೆಲಸ. ವ್ಯಾನಿನ ಹಾರನ್ನು ಕೇಳಿತು. ಅವಳು ಚೀಲ ಎತ್ತಿಕೊಂಡು, "ಚಾ ಕುಡ್ದು ಹೋಗಿ, ಮಗಳು ಕೊಡ್ತಾಳೆ" ಎಂದು ಹೇಳಿ ಇಳಿದಳು. ನಾನು ಚಾ ಕುಡಿಯಲಿಲ್ಲ.

ಇಂಥ ಯೋಜನೆ ನಿಮ್ಮ ಊರಿಗೂ ಬರುತ್ತದೆ. ಬರಬೇಕಾದ್ದೇ, ತೋಡಿನ ಅವಸ್ಥೆ ನೋಡಿದವರಿಗೆ ಗೊತ್ತು. ಬಂದಾಗ ನಾಲ್ಕು ಮಾತು ನೆನಪಿಡಿ. ಸಭೆಗೆ ಹೋಗಿ, ಚಿತ್ರ ತೋರಿಸಿ ಮುಗಿದ ಮೇಲೆ ತೊಳೆಯುವವರು ಯಾರು ಎಂದು ಕೇಳಿ, ಉತ್ತರ ಬರುವವರೆಗೆ ಕೂರಬೇಡಿ. ಊರಿನಲ್ಲಿ ಆ ಕೆಲಸ ಬಲ್ಲವರು ಒಬ್ಬರಾದರೂ ಇರುತ್ತಾರೆ. ಅಧಿಕಾರಿಗೆ ಅವರನ್ನು ಹುಡುಕಲಿಕ್ಕೆ ಆಗುವುದಿಲ್ಲ, ನೀವೇ ತೋರಿಸಬೇಕು. ಅರ್ಜಿಯಲ್ಲಿ ಮೊದಲು ಅವರ ಹೆಸರು, ಕೂಲಿ ಎಷ್ಟೆಂಬುದು, ಯಾವ ಕುಪ್ಪಿ ಬೇಡ ಎನ್ನುವ ಅಧಿಕಾರ ಅವರದು ಎಂಬುದು, ಇಷ್ಟನ್ನು ಬರೆಸಿ. ಆಮೇಲೆ ಯಂತ್ರ ಬೇಕಾದರೆ ತನ್ನಿ, ನೀರು ಕಾಯಿಸಲಿಕ್ಕೆ ಆದೀತು. ಅಂಕ ಕಡಿಮೆಯಾದರೆ ಆಗಲಿ. ಯಂತ್ರದ ಬೆಲೆಯಲ್ಲಿ ಎಷ್ಟು ಬೇಕಾದರೂ ಚೌಕಾಶಿ ಮಾಡಿ, ಬೇಕಾದರೆ ನನ್ನನ್ನು ಕರೆದುಕೊಂಡು ಹೋಗಿ, ಕಡಿಮೆ ಮಾಡಿಸಿಕೊಡುತ್ತೇನೆ. ತೊಳೆಯುವವರ ಮನೆಗೆ ಮಾತ್ರ ಬೇಗ ಹೋಗಿ. ಅರ್ಜಿ ಹಾಕುವ ಮೊದಲು ಹೋಗಿ, ಅವರು ಕೇಳಿದಷ್ಟಕ್ಕೆ ಒಪ್ಪಿಕೊಂಡು ಬನ್ನಿ.